ಹಳೆ ಜೀಪಿನ ಚಾಸಿ (ಗಾಡಿಯ ಭಾರ ಹೊರುವ ಕೆಳಗಿನ ಚೌಕಟ್ಟು) ತುಕ್ಕು ಹಿಡಿದಿದೆ, ಮೇಲೊಂದು ಪ್ಲೇಟ್ ವೆಲ್ಡ್ ಮಾಡಿಸಿದರೆ ಸಾಕಾ?

ಸಾಕಾಗಲ್ಲ. ತುಕ್ಕು ತಿಂದ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತುಂಡು ಕೂರಿಸಬೇಕು.

ಚಾಸಿಯ ಉದ್ದ ಪಟ್ಟಿಗಳು ಡಬ್ಬಿಯಂತೆ ಮುಚ್ಚಿಕೊಂಡಿರುವ ಕಡೆ ಒಳಗಿನಿಂದಲೇ ಕೊಳೆಯುತ್ತವೆ. ಮಳೆಗಾಲದ ಕೆಸರು ಒಳಗೆ ಕೂತಿರುತ್ತದೆ, ನಮ್ಮ ಮುಂಬೈ ಗಾಳಿಯ ಉಪ್ಪು ತೇವ ಎಳೆದುಕೊಂಡು ಅದನ್ನು ಪೂರ್ತಿ ಒಣಗಲು ಬಿಡುವುದಿಲ್ಲ. ಹೊರಗೆ ನಾಣ್ಯದಷ್ಟು ತೂತು ಕಂಡರೆ ಒಳಗೆ ಅಂಗೈ ಅಗಲ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ಅದರ ಮೇಲೆ ಪ್ಲೇಟ್ ಮುಚ್ಚಿದರೆ ನಡುವೆ ನೀರು ಸಿಕ್ಕಿಕೊಂಡು ತುಕ್ಕು ಇನ್ನೂ ಜಾಸ್ತಿಯಾಗುತ್ತದೆ, ತೆಳುವಾದ ಕಬ್ಬಿಣಕ್ಕೆ ವೆಲ್ಡಿಂಗೂ ಸರಿಯಾಗಿ ಹಿಡಿಯಲ್ಲ.

ಸುಮ್ನೆ ಸುತ್ತಿಗೆ ತಗೊಂಡು ತಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ. ದಬ್ ಅಂದು ಪೊರೆ ಉದುರಿದರೆ ಅಲ್ಲಿ ಕತ್ತರಿಸಲೇಬೇಕು.

ಕತ್ತರಿಸುವ ಮುಂಚೆ ಚಾಸಿಗೆ ಅಡ್ಡಪಟ್ಟಿ ಕಟ್ಟಿ ಆಧಾರ ಕೊಡಿಸಿ, ಇದನ್ನು ಮಾತ್ರ ಬಿಡಬೇಡಿ. ಡೊಂಬಿವಲಿಯ ಒಂದು ಗ್ಯಾರೇಜಲ್ಲಿ ನನ್ನ ಜೀಪಿಗೆ ಅದನ್ನು ಮಾಡದೆ ಕತ್ತರಿಸಿದ್ದರು, ಚಾಸಿ ಸ್ವಲ್ಪ ಬಾಗಿ ಟಯರು ಒಂದೇ ಕಡೆ ಸವೆಯತೊಡಗಿತು. ಹೊಸ ತುಂಡು ಹಳೆಯದಕ್ಕೆ ಸೇರುವ ವೆಲ್ಡಿಂಗ್ ಗೆರೆ ನೇರ ಅಡ್ಡಕ್ಕೆ ಬೇಡ, ಓರೆಯಾಗಿರಲಿ, ಆಗ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿ. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಆಮೇಲೆ ಆರ್‌ಟಿಒದಲ್ಲಿ ಒದ್ದಾಟ. ಕೊನೆಗೆ ಒಳಗೆ ಮೇಣದಂಥ ತುಕ್ಕುನಿರೋಧಕ ಸ್ಪ್ರೇ ಹೊಡೆಸಿ, ನೀರು ಇಳಿಯುವ ತೂತುಗಳನ್ನು ತೆರೆದೇ ಇಡಿ.