ಕೌಲಿಂಗ್‌ಗೆ ಗರಗಸ ಹಾಕುವ ಮೊದಲು ಲೈಟ್ ಹಾಕಿ ನೋಡಿ

ನೀವೇ ಕಟ್ಟಿದ ಪುಟ್ಟ ವಿಮಾನ ಆರ್‌ವಿ-7, ಲೈಕಮಿಂಗ್ 360 ಎಂಜಿನ್. ಮೇಲೇರುವಾಗ ಹಿಂದಿನ ಎರಡು ಸಿಲಿಂಡರ್ ಹೆಡ್ 430 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿವೆ, ಕೆಳಗಿನ ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ಕತ್ತರಿಸಿ ಲೂವರ್ (ಗಾಳಿ ಹೊರಬಿಡುವ ಸೀಳುಗಳು) ಕೂರಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಅದೇ ಎಂಜಿನ್ ಇಟ್ಟುಕೊಂಡು ಅರಿಜೋನಾ ಬೇಸಿಗೆಯಲ್ಲಿ ನಾನೂ ಒದ್ದಾಡಿದ್ದೇನೆ. ಲೈಕಮಿಂಗ್‌ನವರ ಗರಿಷ್ಠ ಮಿತಿ 500, ಆದರೆ ಎಂಜಿನ್ ಬಾಳಿಕೆ ಬರಬೇಕಾದರೆ 435ರ ಒಳಗಿರಲಿ ಅಂತಲೂ ಅವರೇ ಹೇಳುತ್ತಾರೆ. ನಾನಂತೂ 400 ದಾಟಿದರೆ ಮೂಗು ಇಳಿಸಿಬಿಡುತ್ತೇನೆ.

ಗಾಳಿ ಮುಂದಿನ ಎರಡು ಬಾಯಿಂದ ನುಗ್ಗಿ, ಎಂಜಿನ್ ಮೇಲೆ ತುಂಬಿಕೊಂಡು, ಸಿಲಿಂಡರ್ ಸುತ್ತಲಿನ ಫಿನ್‌ಗಳ (ಬಿಸಿ ಬಿಡುವ ತೆಳು ರೆಕ್ಕೆಗಳ) ಸಂದಿಯಲ್ಲಿ ಕೆಳಗಿಳಿದು ಹೊರಗೆ ಹೋಗಬೇಕು. ಗದ್ದೆ ಬದುವಿನಲ್ಲಿ ಏಡಿ ತೂತು ಮಾಡಿದರೆ ನೀರು ನಿಲ್ಲುತ್ತದಾ? ಇಲ್ಲೂ ಅಷ್ಟೇ. ಗಾಳಿಯನ್ನು ಫಿನ್ ಕಡೆಗೆ ತಿರುಗಿಸುವ ತಗಡು, ಅಂದರೆ ಬ್ಯಾಫಲ್‌ನಲ್ಲಿ ಒಂದು ಸಂದಿ ಸಿಕ್ಕರೆ ಸಾಕು, ಗಾಳಿ ಫಿನ್ ಬಿಟ್ಟು ಅಲ್ಲೇ ಜಾರಿಕೊಳ್ಳುತ್ತದೆ.

ರಾತ್ರಿ ಹ್ಯಾಂಗರ್ ದೀಪ ಆರಿಸಿ, ಎಂಜಿನ್ ಕೆಳಗೆ ಒಂದು ಲೈಟ್ ಇಟ್ಟು, ಕೌಲಿಂಗ್ ಮುಚ್ಚಿ, ಮುಂದಿನ ಬಾಯಿಂದಲೂ ಆಯಿಲ್ ಬಾಗಿಲಿಂದಲೂ ಇಣುಕಿ. ಬೆಳಕು ಕಂಡ ಕಡೆ ಗಾಳಿಯೂ ಸೋರುತ್ತದೆ. ನನ್ನದರಲ್ಲಿ ಆಯಿಲ್ ಕೂಲರ್ ಪಕ್ಕ ಬೆರಳಗಲ ಬೆಳಕು ಕಂಡಿತು. ಆಮೇಲೆ ಮೇಲಿನ ಕೌಲಿಂಗ್ ತೆಗೆದು ಒಳಮೈ ನೋಡಿದೆ. ಬ್ಯಾಫಲ್ ಅಂಚಿನ ರಬ್ಬರ್ ಸೀಲ್ ಒತ್ತಿದ ಕಡೆ ಕಪ್ಪು ಗೆರೆ ಬಿದ್ದಿರುತ್ತದೆ, ಬಲಗಡೆ ಒಂದು ಗೇಣು ಗೆರೆಯೇ ಇಲ್ಲ! ಕೌಲಿಂಗ್ ಕೂರಿಸುವಾಗ ಸೀಲ್ ಹಿಂದಕ್ಕೆ ಮಡಚಿಕೊಂಡಿತ್ತು. ಅದು ಒಳಗೆ ಬಾಗಿರಬೇಕು, ಆಗ ಗಾಳಿಯ ಒತ್ತಡವೇ ಅದನ್ನು ಕೌಲಿಂಗ್‌ಗೆ ಒತ್ತಿ ಹಿಡಿಯುತ್ತದೆ. ಸೀಲ್ ಸರಿಮಾಡಿ, ಸಣ್ಣಪುಟ್ಟ ತೂತುಗಳಿಗೆ ಶಾಖ ತಡೆಯುವ ಕೆಂಪು ಸಿಲಿಕೋನ್ ಮೆತ್ತಿದೆ. ಸುಮಾರು 20 ಡಿಗ್ರಿ ಇಳಿಯಿತು. ಖರ್ಚು ಒಂದು ಟ್ಯೂಬ್.

ಮೂರನೇ ಸಿಲಿಂಡರ್ ಹಿಂಭಾಗವನ್ನೂ ನೋಡಿ. ಅಲ್ಲಿ ಫಿನ್ ಆಳ ಕಡಿಮೆ, ಬ್ಯಾಫಲ್ ತಗಡು ಅಂಟಿಕೊಂಡು ಕೂತರೆ ಗಾಳಿಗೆ ದಾರಿಯೇ ಇರಲ್ಲ. ವಾಷರ್ ಕೊಟ್ಟು ತಗಡನ್ನು ಸ್ವಲ್ಪ ಹಿಂದೆ ಸರಿಸಿ, ಆದರೆ ಅದರ ಅಂಚು ಮತ್ತೆ ಸೋರದ ಹಾಗೆ ನೋಡಿಕೊಳ್ಳಿ. ಥ್ರಾಟಲ್ ಪೂರ್ತಿ ಕೊಟ್ಟಾಗ ಇಂಧನ ಸಾಕಷ್ಟು ಹರಿಯುತ್ತಿದೆಯಾ ಅಂತಲೂ ನೋಡಿ, ಕಡಿಮೆಯಾದರೂ ಬಿಸಿ ಏರುತ್ತದೆ. ಬಿಸಿ ಅಳೆಯಲು ಸ್ಪಾರ್ಕ್ ಪ್ಲಗ್ ಅಡಿಯ ರಿಂಗ್ ಸೆನ್ಸರ್ ಹಾಕಿದ್ದರೆ ಅದು ಸಾಮಾನ್ಯವಾಗಿ ಜಾಸ್ತಿಯೇ ತೋರಿಸುತ್ತದೆ.

ಇಷ್ಟಾದರೂ ಬಿಸಿ ಇಳಿಯಲಿಲ್ಲವಾ? ಸುಮ್ನೆ ಊಹಿಸಬೇಡಿ, ಅಳೆಯಿರಿ. ಹಳೆಯ ಏರ್‌ಸ್ಪೀಡ್ ಮೀಟರ್ ಒಂದಿದ್ದರೆ ಅದರ ಪಿಟೊಟ್ (ಎದುರುಗಾಳಿಯ ಒತ್ತಡದ) ಕೊಳವೆಯನ್ನು ಎಂಜಿನ್ ಮೇಲ್ಗಡೆಗೆ, ಸ್ಟ್ಯಾಟಿಕ್ (ಸುತ್ತಲಿನ ಗಾಳಿಯ ಒತ್ತಡದ) ಕೊಳವೆಯನ್ನು ಕೆಳಗಡೆಗೆ ಬಿಡಿ. 100 ನಾಟ್ ತೋರಿಸಿದರೆ ಮೇಲೆ ಕೆಳಗಿನ ಒತ್ತಡದ ಅಂತರ ಸುಮಾರು 6.5 ಇಂಚು ಎತ್ತರದ ನೀರಿನ ಒತ್ತಡದಷ್ಟು ಅಂತ ಅರ್ಥ. ಸೋರಿಕೆ ಮುಚ್ಚಿದ ಮೇಲೂ ಅಂತರ ತೀರಾ ಕಡಿಮೆ ಬಂದರೆ ಗಾಳಿ ಹೊರಗೆ ಹೋಗುವ ಬಾಯಿ ಸಣ್ಣದಿರಬಹುದು, ಲೂವರ್ ಮಾತು ಆಗ ಬರುತ್ತದೆ.

ಇನ್ನು ಕೌಲಿಂಗ್ ಬಿಗಿಯಲು ಹಿಂಜ್ ಪಿನ್ನಾ (ಹಿಂಜ್ ಕಣ್ಣುಗಳಲ್ಲಿ ತೂರಿಸುವ ಉದ್ದ ತಂತಿ), ಕಾಲು ಸುತ್ತಿನ ಸ್ಕ್ರೂನಾ ಅಂತಲೂ ಕೇಳಿದ್ದೀರಿ. ಹಿಂಜ್ ನೋಡೋಕೆ ಚೆಂದ, ತೂಕವೂ ಕಡಿಮೆ. ಆದರೆ ನನ್ನದರಲ್ಲಿ ಕೆಳಗಡೆಯ ಹಿಂಜ್ ಕಣ್ಣುಗಳು ಎಂಜಿನ್ ನಡುಕಕ್ಕೆ ಒಂದೊಂದಾಗಿ ಮುರಿದವು, ಬಗ್ಗಿದ ಪಿನ್ ಎಳೆಯಲು ಒಮ್ಮೆ ನಲವತ್ತು ನಿಮಿಷ ಹಿಡಿಯಿತು. ಆವತ್ತಿಂದ ಕೆಳಗಡೆ ಕಾಲು ಸುತ್ತಿನ ಸ್ಕ್ರೂ. ಹತ್ತು ನಿಮಿಷದಲ್ಲಿ ಬಿಚ್ಚುತ್ತೇನೆ, ಹಾಗಾಗಿ ವರ್ಷದ ತಪಾಸಣೆಗೆ ಕಾಯದೆ ಆಗಾಗ ಬಿಚ್ಚುತ್ತೇನೆ. ಎಕ್ಸಾಸ್ಟ್ ಕೀಲಿನ ಹತ್ತಿರ ಬೂದು ಬಣ್ಣದ ಪುಡಿ ಕಂಡಿದ್ದು ಅಂಥ ಒಂದು ದಿನವೇ, ಗ್ಯಾಸ್ ಸೋರುತ್ತಿತ್ತು.

ಮೇಲಿನ ಕೌಲಿಂಗ್ ಒಳಮೈಯದೊಂದು ಫೋಟೋ ಹಾಕಿ. ಕಪ್ಪು ಗೆರೆ ಎಲ್ಲಿ ತಪ್ಪಿದೆ ನೋಡೋಣ.