ಕಬ್ಬನ್ ಪಾರ್ಕ್ ಕಟ್ಟಿಸಿದ್ದು ಕಬ್ಬನ್ನೇ ಅಲ್ವಾ? - ಪ್ರತಿಕ್ರಿಯೆ
ಅಲ್ಲ ಸರ್, ಪಾರ್ಕ್ ಆಗಿದ್ದು 1870ರಲ್ಲಿ, ಪ್ಲಾನ್ ಮಾಡಿದ್ದು ಇಂಜಿನಿಯರ್ ಸ್ಯಾಂಕಿ, ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅಂತಾನೆ ಹೆಸರಿತ್ತು. ಮೈಸೂರು ರಾಜ್ಯ ನಡೆಸ್ತಿದ್ದ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬ್ರು 1861ರಲ್ಲೇ ಊರಿಗೆ ವಾಪಸ್ ಹೋಗ್ತಾ ದಾರೀಲಿ ಸೂಯೆಜ್‌ನಲ್ಲಿ ತೀರ್ಕೊಂಡ್ರು, ಪಾರ್ಕ್ ನೋಡೇ ಇಲ್ಲ ಪಾಪ.

ಇನ್ನು ಮೈಸೂರಿಗೆ ರಾಜರಿದ್ದೂ ಬ್ರಿಟಿಷರ ಕೈಗೆ ಅಧಿಕಾರ ಹೇಗೆ ಬಂತು ಅಂತ ಕೇಳಿದ್ರಲ್ಲ, ಅದು ನಗರ ಅನ್ನೋ ಪ್ರಾಂತ್ಯದ ರೈತರ ದಂಗೆಯಿಂದ. 1830ರಲ್ಲಿ ಕಂದಾಯದ ಕಾಟ ತಡೀಲಾರದೆ ಶಿವಮೊಗ್ಗ ಕಡೆ ರೈತ್ರು ತಿರುಗಿಬಿದ್ರು, ಈಸ್ಟ್ ಇಂಡಿಯಾ ಕಂಪನಿಯವ್ರಿಗೆ ಅಷ್ಟೇ ನೆಪ ಸಾಕಾಯ್ತು, ಆಡಳಿತ ಸರಿ ಇಲ್ಲ ಅಂತ ಹೇಳಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಎಲ್ಲಾ ಕಿತ್ಕೊಂಡು ಕಮಿಷನರ್‌ಗಳನ್ನ ಕೂರಿಸಿದ್ರು. ಅರಮನೆ ಮೈಸೂರಲ್ಲೇ ಉಳೀತು, ಕಚೇರಿ ಬೆಂಗಳೂರಿಗೆ ಬಂತು. ಬೆಂಗಳೂರು ಇವತ್ತು ರಾಜಧಾನಿ ಆಗಿರೋದಕ್ಕೆ ಬೀಜ ಬಿದ್ದಿದ್ದೇ ಅಲ್ಲಿ ಅಂತ ನನ್ನ ಲೆಕ್ಕ.

1834ರಿಂದ ಕಬ್ಬನ್ ಒಬ್ರೇ ಸುಮಾರು 27 ವರ್ಷ ನಡೆಸಿದ್ರು, ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ಡಿವಿಷನ್ ಮಾಡಿ, ರಸ್ತೆ ಹಾಕ್ಸಿ. ಒಳ್ಳೆ ಆಡಳಿತಗಾರ, ಒಪ್ಕೋತೀನಿ, ಆದ್ರೆ ಕಂಪನಿ ನೌಕರ ಅನ್ನೋದು ಮರೀಬಾರ್ದು. ಮುಮ್ಮಡಿಯವ್ರು ರಾಜ್ಯ ವಾಪಸ್ ಕೊಡಿ ಅಂತ ಅರ್ಜಿ ಹಾಕ್ತಾನೇ 1868ರಲ್ಲಿ ಹೋಗ್ಬಿಟ್ರು, ಸಿಕ್ಕಿದ್ದು 1881ರಲ್ಲಿ, ಅದೂ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.