‘ನಿಮಿಷ’ದಿಂದ ‘ಮಿನಿಟ್’ ಹುಟ್ಟಿಲ್ಲ

ಪ್ರಶ್ನೆ: ಇಂಗ್ಲಿಷಿನ ‘ಮಿನಿಟ್’ ಎಂಬ ಪದ ಸಂಸ್ಕೃತದ ‘ನಿಮಿಷ’ದಿಂದ ಬಂದಿದೆ, ಅಕ್ಷರಗಳು ಮಾತ್ರ ಹಿಂದುಮುಂದಾಗಿವೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ನಮ್ಮ ಕಡೆಯ ಹಳ್ಳಿಯವರು ‘ಐದ್ ಮಿಂಟ್ ತಡಿ’ ಎನ್ನುವುದೇ ಇದಕ್ಕೆ ಸಾಕ್ಷಿ ಎಂದೂ ಅದರಲ್ಲಿ ಹೇಳಿದ್ದಾರೆ. ಇದನ್ನು ಮಕ್ಕಳಿಗೆ ಹೇಳಿಕೊಡಬಹುದೇ?
– ಪ್ರೌಢಶಾಲಾ ಶಿಕ್ಷಕರು, ಇಂಡಿ

ಉತ್ತರ: ಹೇಳಿಕೊಡಬಾರದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇದೆ. ಈ ಸಲ ಕೇಳಿದವರು ತರಗತಿಯಲ್ಲಿ ಪಾಠ ಮಾಡುವವರಾದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ. ಭಾಷೆಗಳು ಪದಗಳನ್ನು ಹೇಗೆ ಎರವಲು ಪಡೆಯುತ್ತವೆ ಎಂಬ ಮೊದಲ ಪಾಠ ನಿಮಗೆ ಬೇಕಾಗಿಲ್ಲವೆಂದು ತಿಳಿದು ಅದನ್ನು ಬಿಟ್ಟಿದ್ದೇನೆ.

‘ಮಿನಿಟ್’ ಬಂದದ್ದು ಲ್ಯಾಟಿನ್ನಿನ ‘ಮಿನೂಟಸ್’ ಎಂಬ ಪದದಿಂದ. ಅದರ ಅರ್ಥ ‘ಕುಗ್ಗಿಸಿದ್ದು’, ‘ಸಣ್ಣದು’ ಎಂದಷ್ಟೇ. ಕಾಲದ ಮಾತು ಅದರಲ್ಲಿ ಮೂಲತಃ ಇಲ್ಲವೇ ಇಲ್ಲ. ಮೈನಸ್, ಮೈನರ್, ಮಿನಿಮಮ್ ಅದೇ ಬಳ್ಳಿಯವು, ಫ್ರೆಂಚಿನ ಹಾದಿಯಲ್ಲಿ ನಮ್ಮ ಖಾನಾವಳಿಯವರೆಗೆ ಬಂದ ‘ಮೆನು’ ಕೂಡ ಅದೇ ಪದ. ಕಾಲದ ಅರ್ಥ ಅದಕ್ಕೆ ಸೇರಿದ್ದು ಖಗೋಳಶಾಸ್ತ್ರದ ಮೂಲಕ. ಬ್ಯಾಬಿಲೋನಿನವರು ರೂಢಿಸಿದ 60ರ ಲೆಕ್ಕವನ್ನು ಗ್ರೀಕ್ ಖಗೋಳಜ್ಞರು ತಮ್ಮದಾಗಿಸಿಕೊಂಡಿದ್ದರು, ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ವೃತ್ತದ 360 ಅಂಶಗಳಲ್ಲಿ (ಡಿಗ್ರಿಗಳಲ್ಲಿ) ಒಂದೊಂದನ್ನೂ 60 ಭಾಗವಾಗಿ, ಆ ಒಂದೊಂದು ಭಾಗವನ್ನೂ ಮತ್ತೆ 60 ಭಾಗವಾಗಿ ಒಡೆದು ಗ್ರಹಗತಿಯನ್ನು ಗಣಿಸಿದ. ಮುಂದೆ ಲ್ಯಾಟಿನ್ನಿನಲ್ಲಿ ಮೊದಲ ಸಲ ಒಡೆದ ಭಾಗವನ್ನು ‘ಪಾರ್ಸ್ ಮಿನೂಟ ಪ್ರೀಮ’, ಅಂದರೆ ಮೊದಲನೆಯ ಸಣ್ಣ ಭಾಗ ಎಂದೂ, ಎರಡನೆಯ ಸಲ ಒಡೆದದ್ದನ್ನು ‘ಪಾರ್ಸ್ ಮಿನೂಟ ಸೆಕುಂಡ’, ಅಂದರೆ ಎರಡನೆಯ ಸಣ್ಣ ಭಾಗ ಎಂದೂ ಕರೆದರು. ಮೊದಲನೆಯ ಹೆಸರಿನಲ್ಲಿ ‘ಮಿನೂಟ’ ಮಾತ್ರ ಉಳಿಯಿತು, ಎರಡನೆಯದರಲ್ಲಿ ‘ಸೆಕುಂಡ’ ಮಾತ್ರ ಉಳಿಯಿತು. ಗಡಿಯಾರದ ಸೆಕೆಂಡಿಗೂ ‘ಎರಡನೆಯದು’ ಎಂಬರ್ಥದ ಸೆಕೆಂಡಿಗೂ ಏನು ಸಂಬಂಧ ಎಂದು ಅಥಣಿಯಿಂದ ಬರೆದು ಕೇಳಿದವರಿಗೂ ಇದೇ ಉತ್ತರ.

ಇಲ್ಲಿಯವರೆಗೆ ಇದು ಕೋನದ ಅಳತೆ. ಗಂಟೆಯನ್ನು ಹೀಗೆ 60ರಿಂದ ಒಡೆಯುವುದನ್ನು ಕ್ರಿ.ಶ. 1000ದ ಸುಮಾರಿಗೆ ಖಗೋಳಜ್ಞ ಅಲ್‌ಬಿರೂನಿಯ ಬರಹದಲ್ಲಿ ಕಾಣುತ್ತೇವೆ. 1267ರಲ್ಲಿ ಇಂಗ್ಲೆಂಡಿನ ರೋಜರ್ ಬೇಕನ್ ಹುಣ್ಣಿಮೆಯ ಹೊತ್ತನ್ನು ಮೂರನೆಯ, ನಾಲ್ಕನೆಯ ಸಣ್ಣ ಭಾಗಗಳವರೆಗೂ ಬರೆದಿಟ್ಟ. 1391ರ ಸುಮಾರಿಗೆ ಆಸ್ಟ್ರೋಲೇಬ್ ಎಂಬ ಖಗೋಳ ಉಪಕರಣದ ಬಗ್ಗೆ ಚಾಸರ್ ಕವಿ ಇಂಗ್ಲಿಷಿನಲ್ಲಿ ಬರೆದ ಗ್ರಂಥದಲ್ಲಿ, ಅಂಶಕ್ಕೆ 60 ಮಿನಿಟ್, ಮಿನಿಟಿಗೆ 60 ಸೆಕೆಂಡ್ ಎಂಬ ಮಾತು ಸ್ಪಷ್ಟವಾಗಿದೆ. 1656ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ನಂತರವೇ ಮಿನಿಟಿನ ಮುಳ್ಳು ಸಾಮಾನ್ಯ ಗಡಿಯಾರಗಳ ಮೇಲೆ ಕಾಣಿಸಿಕೊಂಡದ್ದು. ಈ ದಾರಿಯ ಪ್ರತಿಯೊಂದು ಹಂತಕ್ಕೂ ಲಿಖಿತ ಆಧಾರವಿದೆ. ‘ನಿಮಿಷ’ ಇದರೊಳಗೆ ಎಲ್ಲಿ, ಯಾವ ಶತಮಾನದಲ್ಲಿ, ಯಾರ ಬಾಯಿಂದ ಸೇರಿತು ಎಂಬುದಕ್ಕೆ ವಿಡಿಯೊದವರ ಬಳಿ ಉತ್ತರವಿಲ್ಲ.

ಇನ್ನು ‘ನಿಮಿಷ’ದ ಅರ್ಥವನ್ನೇ ನೋಡಿ. ‘ಮಿಷ್’ ಧಾತುವಿಗೆ ‘ನಿ’ ಸೇರಿ ಆದ ಈ ಪದಕ್ಕೆ ಕಣ್ಣೆವೆ ಮುಚ್ಚುವುದು ಎಂದರ್ಥ. ಎವೆ ತೆರೆಯುವುದು ‘ಉನ್ಮೇಷ’, ಎವೆಯಿಕ್ಕದವರಾದ್ದರಿಂದ ದೇವತೆಗಳು ‘ಅನಿಮಿಷರು’. ಕಾಲಮಾನವಾಗಿ ಅದರ ಅಳತೆ ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗುತ್ತದೆ. ನಮ್ಮವನೆಂದು ವಿಜಯಪುರದವರು ಹೆಮ್ಮೆಪಡುವ ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: 18 ನಿಮಿಷಕ್ಕೆ ಒಂದು ಕಾಷ್ಠಾ, 30 ಕಾಷ್ಠೆಗೆ ಒಂದು ಕಲಾ, 30 ಕಲೆಗೆ ಒಂದು ಘಟಿಕಾ, 60 ಘಟಿಕೆಗೆ ಒಂದು ದಿನ. ಗುಣಿಸಿದರೆ ದಿನಕ್ಕೆ 9,72,000 ನಿಮಿಷಗಳಾಗುತ್ತವೆ. ಅಂದರೆ ಅವನ ಒಂದು ನಿಮಿಷ ನಮ್ಮ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಇಂದಿನ ಒಂದು ಮಿನಿಟಿನೊಳಗೆ ಅಂಥವು ಸುಮಾರು 675 ಹಿಡಿಯುತ್ತವೆ. ಗಡಿಯಾರ ಬಂದ ಮೇಲೆ ಕನ್ನಡದವರೂ ತೆಲುಗರೂ ಕೈಗೆ ಸಿಕ್ಕ ಈ ಹಳೆಯ ಪದಕ್ಕೆ 60 ಸೆಕೆಂಡಿನ ಹೊಸ ಅಳತೆಯನ್ನು ಕೊಟ್ಟರು. ಮರಾಠಿಯವರು ‘ಮಿನಿಟ್’ ಎಂಬುದನ್ನೇ ಇಟ್ಟುಕೊಂಡರು. ಕನ್ನಡದಲ್ಲಿ ನಾವೇ ಜೋಡಿಸಿದ ಅರ್ಥಸಾಮ್ಯವನ್ನು ತೋರಿಸಿ, ಇಂಗ್ಲಿಷಿನವರು ನಮ್ಮಿಂದ ಪದ ಒಯ್ದರು ಎನ್ನುವುದು ತರ್ಕವಲ್ಲ.

‘ಮಿಂಟು’ ಯಾವ ಸಾಕ್ಷಿಯೂ ಅಲ್ಲ. ಪದದ ನಡುವಿನ ಸ್ವರವನ್ನು ನುಂಗುವುದು ನಮ್ಮ ಆಡುಮಾತಿನ ರೂಢಿ. ಕುದುರೆ ‘ಕುದ್ರಿ’ಯಾದಂತೆ, ಬದುಕು ‘ಬದ್ಕು’ ಆದಂತೆ ಮಿನಿಟು ‘ಮಿಂಟು’ ಆಗಿದೆ.

ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ ಬೇರೆಯಿದೆ. ಈ ಹುಸಿ ನಂಟಿನ ಗದ್ದಲದಲ್ಲಿ ಎರಡು ನಿಜವಾದ ನಂಟುಗಳನ್ನು ಯಾರೂ ಗಮನಿಸುತ್ತಿಲ್ಲ. ಲ್ಯಾಟಿನ್ನಿನ ‘ಮಿನೂಟಸ್’ಗೆ ಸಂಸ್ಕೃತದಲ್ಲಿ ದಾಯಾದಿಯೊಂದು ಉಂಟು, ಆದರೆ ಅದು ‘ನಿಮಿಷ’ವಲ್ಲ, ಕುಗ್ಗು, ಕ್ಷೀಣಿಸು ಎಂಬ ಅರ್ಥದ ‘ಮೀ’ ಧಾತು, ‘ಮೀಯತೇ’ ಎಂಬ ರೂಪ. ಎರಡೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು, ಒಂದು ಇನ್ನೊಂದಕ್ಕೆ ತಾಯಿಯಲ್ಲ. ಎರಡನೆಯದು ಇನ್ನೂ ಸ್ವಾರಸ್ಯದ್ದು. ಕೋನದ ಈ ಅರವತ್ತನೆಯ ಭಾಗಕ್ಕೆ ಗ್ರೀಕರು ‘ಸಣ್ಣದು’ ಎಂಬರ್ಥದಲ್ಲೇ ‘ಲೆಪ್ಟೊನ್’ ಎನ್ನುತ್ತಿದ್ದರು, ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಕೋನದ ಅಳತೆಯಾದ ‘ಕಲಾ’ ಎಂಬುದಕ್ಕೆ ಪರ್ಯಾಯವಾಗಿ ಬರುವ ‘ಲಿಪ್ತಾ’ ಆ ಪದವೇ. ಗ್ರೀಕ್ ಲೆಕ್ಕವನ್ನು ನಮ್ಮ ಗಣಕರು ಓದಿದರು, ಪರೀಕ್ಷಿಸಿದರು, ತಮ್ಮ ಗಣಿತದೊಂದಿಗೆ ಬೆಸೆದು ಮುಂದಕ್ಕೆ ಒಯ್ದರು. ಇದು ಅವರ ದೊಡ್ಡತನ. ಅದನ್ನು ಮುಚ್ಚಿಟ್ಟು, ಎರಡು ಪದ ಒಂದೇ ತರಹ ಕೇಳಿಸಿತೆಂದು ವಂಶಾವಳಿ ಕಟ್ಟಿ, ಅದನ್ನು ಶುಲ್ಕ ಪಡೆದು ಶಿಬಿರಗಳಲ್ಲಿ ಬೋಧಿಸುವವರು ಭಾಸ್ಕರನಿಗೂ ಸಂಸ್ಕೃತಕ್ಕೂ ಅನ್ಯಾಯ ಮಾಡುತ್ತಿದ್ದಾರೆ. ಅಂಥವರು ನಿಮ್ಮ ಶಾಲೆಗೆ ಬಂದರೆ ಮೂರು ಸಂಗತಿಗಳನ್ನು ಕೇಳಿ: ಪದ ಮೊದಲು ದಾಖಲಾದ ಕಾಲ, ಆಗಿನ ಅರ್ಥ, ನಡುವಿನ ರೂಪಗಳು. ಮೂರಕ್ಕೂ ಉತ್ತರ ಸಿಗುವವರೆಗೆ ಅದನ್ನು ಕಪ್ಪುಹಲಗೆಯ ಮೇಲೆ ಬರೆಯಬೇಡಿ. ಎಂಟನೆಯ ತರಗತಿಯಲ್ಲಿ ಕಲಿತ ತಪ್ಪು ಪದವಿ ಮುಗಿದ ಮೇಲೂ ಹೋಗದಿರುವುದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ‘ಹೋರಾ’; ಅದರಿಂದಲೇ ಇಂಗ್ಲಿಷಿನ ‘ಅವರ್’ ಬಂದಿದೆ. ಇದನ್ನು ವರಾಹಮಿಹಿರನೇ ಹೇಳಿದ್ದಾನಲ್ಲವೇ?
– ಓದುಗರು, ಮುಧೋಳ

ಉತ್ತರ: ವರಾಹಮಿಹಿರ ಹೇಳಿದ್ದನ್ನು ಪೂರ್ತಿ ಓದಿ. ‘ಬೃಹಜ್ಜಾತಕ’ವೆಂಬ ತನ್ನ ಜ್ಯೋತಿಷ ಗ್ರಂಥದಲ್ಲಿ ಅವನು ‘ಏಕೇ ವಾಂಛಂತಿ’ ಎಂದಿದ್ದಾನೆ, ಅಂದರೆ ಕೆಲವರು ಹಾಗೆ ಬಯಸುತ್ತಾರೆ ಎಂದು. ತನ್ನ ನಿರ್ಣಯವಾಗಿ ಅದನ್ನು ಕೊಟ್ಟಿಲ್ಲ. ಗ್ರೀಕಿನಲ್ಲಿ ‘ಹೋರಾ’ ಎಂದರೆ ಋತು, ನಿಯತವಾದ ಹೊತ್ತು. ಅದು ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಯಿತು, ಯವನರ, ಅಂದರೆ ಗ್ರೀಕರ, ಜಾತಕಶಾಸ್ತ್ರದೊಂದಿಗೆ ಸಂಸ್ಕೃತಕ್ಕೂ ಬಂತು. ಅದೇ ಗ್ರಂಥದಲ್ಲಿ ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಮಿಥುನಕ್ಕೆ ಜಿತುಮ ಎಂಬ ಗ್ರೀಕ್ ಹೆಸರುಗಳನ್ನು ವರಾಹಮಿಹಿರ ಯಾವ ಸಂಕೋಚವೂ ಇಲ್ಲದೆ ಬಳಸುತ್ತಾನೆ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರು ಎಂದು ‘ಬೃಹತ್ಸಂಹಿತೆ’ಯಲ್ಲಿ ಬರೆದವನೂ ಅವನೇ. 6ನೆಯ ಶತಮಾನದ ಪಂಡಿತನಿಗೆ ಇದ್ದ ಔದಾರ್ಯ ನಮಗೂ ಇರಲಿ.

ಪ್ರಶ್ನೆ: ಎ.ಎಂ. ಎಂದರೆ ‘ಆರೋಹಣಂ ಮಾರ್ತಾಂಡಸ್ಯ’, ಪಿ.ಎಂ. ಎಂದರೆ ‘ಪತನಂ ಮಾರ್ತಾಂಡಸ್ಯ’ ಎಂಬುದು ನಿಜವೇ?
– ಹಲವರು

ಉತ್ತರ: ಸುಳ್ಳು. ಅವು ಲ್ಯಾಟಿನ್ನಿನ ‘ಆಂಟೆ ಮೆರಿಡಿಯೆಮ್’, ‘ಪೋಸ್ಟ್ ಮೆರಿಡಿಯೆಮ್’, ಅಂದರೆ ಮಧ್ಯಾಹ್ನದ ಮೊದಲು ಮತ್ತು ನಂತರ. ಇದನ್ನು ಇನ್ನು ನನಗೆ ಕಳಿಸಬೇಡಿ.

ಪ್ರಶ್ನೆ: ನಾವು ಆಡುವ ‘ತಾಸು’ ಇಂಗ್ಲಿಷಿನಿಂದ ಬಂದದ್ದೇ?
– ಓದುಗರು, ಜಮಖಂಡಿ

ಉತ್ತರ: ಅಲ್ಲ. ಪಾರಸಿಯಲ್ಲಿ ‘ತಾಸ್’ ಎಂದರೆ ಬಟ್ಟಲು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವ ಹೊತ್ತನ್ನು ಅಳೆಯುತ್ತಿದ್ದ ಗಳಿಗೆ ಬಟ್ಟಲಿನ ಕಾಲದ ನೆನಪು ಅದು. ಮರಾಠಿಯಲ್ಲೂ ಇದೇ ಪದ ಗಂಟೆಗೆ ಸಲ್ಲುತ್ತದೆ.

ಪ್ರಶ್ನೆ: ಸಂಘದ ಸಭೆಯಲ್ಲಿ ಬರೆಯುವ ‘ಮಿನಿಟ್ಸ್’ ಎಂದರೆ ಒಂದೊಂದು ಮಿನಿಟಿಗೂ ಆದದ್ದನ್ನು ಬರೆಯಬೇಕೇ?
– ಸಹಕಾರಿ ಸಂಘದ ಕಾರ್ಯದರ್ಶಿ, ಗೋಕಾಕ

ಉತ್ತರ: ಬೇಕಿಲ್ಲ. ಅಲ್ಲಿ ಅದು ಸಣ್ಣ ಟಿಪ್ಪಣಿ, ಕರಡು ಬರಹ ಎಂಬ ಹಳೆಯ ಅರ್ಥದಲ್ಲಿದೆ, ಗಡಿಯಾರದ ಮಾತು ಅಲ್ಲಿಲ್ಲ. ಯಾರು ಏನು ಮಂಡಿಸಿದರು, ಏನು ಠರಾವಾಯಿತು ಎಂಬುದನ್ನು ಬರೆದು ಸಹಿ ಮಾಡಿಸಿ. ಪುಸ್ತಕದ ಮೇಲೆ ‘ನಡಾವಳಿ’ ಎಂದು ಬರೆದರೆ ಈ ಗೊಂದಲವೇ ಹುಟ್ಟುವುದಿಲ್ಲ.